ಎಂಒಯು ಸಹಿಗೆ ಮೊದಲು ಹಣದ ದಾರಿ, ಮಾದರಿಯ ದಾರಿ

ಮಲೆನಾಡಿನ ಮಂಗನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಕಟ್ಟಿದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ). ಈಗಲೂ ಪುಣೆ, ಮುಂಬೈ, ಗೋವಾದ ಸಂಸ್ಥೆಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಆರೋಗ್ಯ ಸಂಶೋಧನೆಗೆ ಇಳಿಯುತ್ತಲೇ ಇವೆ. ಒಡಂಬಡಿಕೆಗೆ (ಎಂಒಯು) ಸಹಿ, ಶಾಲು, ಹಾರ, ಫೋಟೊ ಎಲ್ಲ ಮುಗಿದ ಮೇಲೆ ಯೋಜನೆ ಕುಂಟುವುದು ಹಣ ಬರುವ ದಾರಿಯಲ್ಲಿ, ಇಲ್ಲವೇ ರಕ್ತದಂಥ ಮಾದರಿ (ಸ್ಯಾಂಪಲ್) ಹೋಗುವ ದಾರಿಯಲ್ಲಿ.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆಗೆ ವಿದೇಶಿ ದೇಣಿಗೆ ಮೊದಲು ಬಂದು ಬೀಳಬೇಕಾದದ್ದು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ವಿದೇಶಿ ಪಾಲುದಾರರಿಗೆ ಇದು ಗೊತ್ತಿರುವುದೇ ಕಡಿಮೆ. ಪೂರ್ತಿ ಹಣವನ್ನು ಗೋವಾದ ಸಂಸ್ಥೆಗೆ ಕೊಟ್ಟು, ಅದರಲ್ಲೇ ಪುಣೆಯವರಿಗೂ ಪಾಲು ಹೋಗಲಿ ಎಂದು ಬಜೆಟ್ ಬರೆದುಬಿಡುತ್ತಾರೆ. ಅರ್ಜಿ ಹಾಕುವಾಗಲೇ ಇಬ್ಬರಿಗೂ ಬೇರೆ ಬೇರೆ ಒಪ್ಪಂದ ಕೇಳಿ.

ವಿದೇಶಿ ನೆರವಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆಯ ಜೊತೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ, ಅಂದರೆ ಎಚ್‌ಎಂಎಸ್‌ಸಿ, ಒಪ್ಪಿಗೆಯೂ ಬೇಕು. ಔಷಧ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸುವ ಮುನ್ನವೇ ದೇಶದ ಔಷಧ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಿರಬೇಕು. ವಿದೇಶದ ವಿಶ್ವವಿದ್ಯಾಲಯದ ಸಮಿತಿ ಒಪ್ಪಿದೆ ಎಂದು ಇಲ್ಲಿ ರಕ್ತ ತೆಗೆಯಲು ಶುರುಮಾಡುವಂತಿಲ್ಲ.

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಕಟ್ಟಡಗಳಲ್ಲಿ, ಗೋವಾದ ವಾಸ್ಕೋದ ಬಸ್ತಿಗಳಲ್ಲಿ ವಿಜಯಪುರ, ಗದಗ ಕಡೆಯ ಕನ್ನಡಿಗರು ಬಹಳ. ಅವರನ್ನು ಸೇರಿಸಿಕೊಂಡರೆ ಕನ್ನಡದ ಒಪ್ಪಿಗೆ ಪತ್ರ ಬೇಕು, ಅದಕ್ಕೂ ಸಮಿತಿಯ ಮುದ್ರೆ ಬೇಕು. ಎಡವಟ್ಟಾಗುವುದು ಒಪ್ಪಿಗೆ ಪತ್ರವನ್ನು ತಿದ್ದುವ ಹೊತ್ತಿಗೆ: ಇಂಗ್ಲಿಷ್, ಮರಾಠಿ ಪತ್ರಗಳು ಆವೃತ್ತಿ 2 ಆಗುತ್ತವೆ, ಕನ್ನಡದ್ದು 1ರಲ್ಲೇ ಉಳಿಯುತ್ತದೆ. ಹಳೆಯ ಪತ್ರದ ಮೇಲೆ ಬಿದ್ದ ಹೆಬ್ಬೆಟ್ಟುಗಳೆಲ್ಲ ಆಡಿಟ್‌ನಲ್ಲಿ ಲೋಪಗಳಾಗಿ ಎದ್ದು ಬರುತ್ತವೆ. ಆವೃತ್ತಿ ಸಂಖ್ಯೆ, ದಿನಾಂಕವನ್ನು ಪ್ರತಿ ಪುಟದಡಿ ಅಚ್ಚುಮಾಡಿ. ಓದಲು ಬಾರದವರಿಗೆ ಅಧ್ಯಯನ ತಂಡದವರಲ್ಲದ ಸಾಕ್ಷಿ ಇರಲೇಬೇಕು. ಉಳಿದ ರಕ್ತವನ್ನು ಎಷ್ಟು ವರ್ಷ ಇಡುತ್ತಾರೆ, ವಂಶವಾಹಿ ಪರೀಕ್ಷೆ ಮಾಡುತ್ತಾರೋ ಇಲ್ಲವೋ ಎಂಬುದು ಒಪ್ಪಿಗೆ ಪತ್ರದಲ್ಲಿ ಒಂದು, ಮಾದರಿ ವರ್ಗಾವಣೆ ಒಪ್ಪಂದದಲ್ಲಿ ಇನ್ನೊಂದು ಇದ್ದರೆ ಪೆಟ್ಟಿಗೆ ಫ್ರೀಜರ್ ಬಿಟ್ಟು ಕದಲಬಾರದು.

 

ಸಾಗಾಟಕ್ಕೆ ಬರೋಣ. ಯುಎನ್ 3373 ವರ್ಗದ (ರೋಗಾಣು ಇರಬಹುದಾದ, ಆದರೆ ಅಪಾಯ ಕಡಿಮೆಯಿರುವ) ಮಾದರಿಗೆ ಮೂರು ಪದರ: ಸೋರದ ಟ್ಯೂಬು, ಹೀರುವ ಹತ್ತಿಯಿಟ್ಟ ಸೋರದ ಎರಡನೇ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ. ತಂಪಿಗೆ ಇಡುವ ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಎರಡನೇ ಡಬ್ಬಿಯ ಹೊರಗಿರಬೇಕು. ಹೊರಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರೆ ಅನಿಲದ ಒತ್ತಡಕ್ಕೆ ಅದು ಸಿಡಿಯಬಹುದು. ಡ್ರೈ ಐಸ್ ಇದೆ ಎನ್ನುವ ಯುಎನ್ 1845 ಗುರುತು, ಐಸಿನ ತೂಕ ಕಿಲೋಗಳಲ್ಲಿ, ಎರಡನ್ನೂ ಹೊರಗೆ ಬರೆಯಿರಿ. ಪ್ರಯಾಣದ ಅವಧಿಗೆ ಬೇಕಾದ ಐಸಿನ ಮೇಲೆ ಇನ್ನೆರಡು ದಿನದ್ದು ತುಂಬಿ. ಮುಂಬೈ ಕಸ್ಟಮ್ಸ್‌ನಲ್ಲಿ ಒಂದು ಕಾಗದ ಕಡಿಮೆ ಬಿದ್ದರೂ ಅಷ್ಟು ಸಮಯ ಹೋಗುತ್ತದೆ. ಪುಣೆಯಿಂದ ಸೋಮವಾರವೇ ಹೊರಡಿಸಿ, ಶುಕ್ರವಾರ ಬೇಡ. ಅನಂತ ಚತುರ್ದಶಿಯ ವಿಸರ್ಜನೆ ಇರುವ ವಾರವಂತೂ ಬೇಡವೇ ಬೇಡ.