ಗಿಳಿಪಾಠವನ್ನು ಹಳಿಯುವ ಮುನ್ನ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳುವ ರೂಢಿ ಈಗಲೂ ಇದೆ. ಮೊನ್ನೆ ಅಣ್ಣನ ಮಗಳು ಜಗಲಿಯ ಕಂಬಕ್ಕೊರಗಿ ‘ಹದಿನಾರೊಂದ್ಲ ಹದಿನಾರು, ಹದಿನಾರೆರಡ್ಲ ಮೂವತ್ತೆರಡು’ ಎಂದು ರಾಗ ತೆಗೆದಳು. ಶಿವಮೊಗ್ಗದಿಂದ ಬಂದಿದ್ದ ನೆಂಟರೊಬ್ಬರು, ‘ಇನ್ನೂ ಗಿಳಿಪಾಠವೇ? ಅರ್ಥ ಮಾಡಿಸಿ’ ಎಂದರು. ಬಾಯಿಪಾಠ ಬುದ್ಧಿಗೆ ಶತ್ರು ಎಂಬ ಈ ನಂಬಿಕೆ, ಒಂದೆಲಗದ ತಂಬುಳಿ ಉಂಡರೆ ಪಾಠ ತಾನಾಗಿ ತಲೆಗೆ ಹತ್ತುತ್ತದೆ ಎಂಬ ನಂಬಿಕೆಯಷ್ಟೇ ಪೊಳ್ಳು.

ಹದಿನಾರೇಳ್ಲ ಎಷ್ಟು? ಮಗ್ಗಿ ಬಾರದ ಮಗು ಹತ್ತೇಳ್ಲ ಎಪ್ಪತ್ತನ್ನು ಮನಸ್ಸಿನಲ್ಲಿಟ್ಟುಕೊಂಡು, ಆರೇಳ್ಲ ನಲವತ್ತೆರಡನ್ನು ಹುಡುಕಿ ತಂದು, ಎರಡನ್ನೂ ಕೂಡಿಸಬೇಕು. ಅಷ್ಟರಲ್ಲಿ ಎಪ್ಪತ್ತು ಜಾರಿರುತ್ತದೆ. ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಹುದಾದದ್ದು ಏಳು ಸಂಗತಿ, ಎರಡು ಹೆಚ್ಚು ಅಥವಾ ಕಡಿಮೆ ಎಂದು 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಬರೆದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಮಕ್ಕಳಿಗೆ ಇನ್ನೂ ಕಡಿಮೆ. ಮಗುವಿನ ಅಂಗೈಯಲ್ಲಿ ಹಸಿ ಅಡಿಕೆ ನಾಲ್ಕೋ ಐದೋ ನಿಲ್ಲುತ್ತವೆ, ಆರನೆಯದು ಉರುಳುತ್ತದೆ. ಅದೇ ಅಡಿಕೆ ಗೊನೆಯಲ್ಲಿದ್ದರೆ? ಬುಡ ಹಿಡಿದರೆ ಸಾಕು, ನೂರಾರು ಕಾಯಿ ಒಂದೇ ಹಿಡಿತಕ್ಕೆ ಬರುತ್ತವೆ. ಬಾಯಿಪಾಠ ಮಾಡುವ ಕೆಲಸ ಇದೇ, ಬಿಡಿ ಕಾಯಿಗಳನ್ನು ಗೊನೆ ಮಾಡುವುದು. ‘ನೂರಹನ್ನೆರಡು’ ತಾನಾಗಿ ನಾಲಿಗೆಗೆ ಬಂದರೆ, ಜಗಲಿಯಲ್ಲಿ ಯೋಚನೆ ಎಂಬ ನೆಂಟನಿಗೆ ಕೂರಲು ಜಾಗ ಉಳಿಯುತ್ತದೆ.

ಹಳಬರಿಗೆ ಇದು ಗೊತ್ತಿತ್ತು. ಮಧ್ಯಯುಗದ ಯುರೋಪಿನಲ್ಲಿ ಕಲಿಕೆಯ ಬುನಾದಿ ವ್ಯಾಕರಣ, ತರ್ಕ, ವಾಗ್ಮಿತೆ. ನಮ್ಮಲ್ಲಿ ಮೊದಲು ಅಮರಕೋಶ ಬಾಯಿಗೆ, ಕಾವ್ಯ ಆಮೇಲೆ. 1947ರಲ್ಲಿ ಆಕ್ಸ್‌ಫರ್ಡಿನ ಭಾಷಣವೊಂದರಲ್ಲಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ ಆ ಮೂರು ವಿದ್ಯೆಗಳನ್ನು ಮಕ್ಕಳ ಮೂರು ವಯಸ್ಸುಗಳಿಗೆ ಹೊಂದಿಸಿದರು. ಮೊದಲನೆಯದಕ್ಕೆ ಆಕೆ ಇಟ್ಟ ಹೆಸರು ಗಿಳಿ! ಎರಡನೆಯದು ಎದುರುತ್ತರ ಕೊಡುವ ವಯಸ್ಸು, ಮೂರನೆಯದು ಕಾವ್ಯದ್ದು. ನಾವು ಬೈಗುಳ ಮಾಡಿಕೊಂಡ ಪದ ಅಲ್ಲಿ ಕಲಿಕೆಯ ಮೊದಲ ಮೆಟ್ಟಿಲು.

ಹಾಗೆಂದು ಈ ವಯಸ್ಸುಗಳ ನಡುವೆ ಗೋಡೆಯೇನೂ ಇಲ್ಲ. ಅಮೂರ್ತ ತರ್ಕ ಹನ್ನೊಂದು ಹನ್ನೆರಡರ ಹೊತ್ತಿಗೆ ಮೊಳೆಯುತ್ತದೆ ಎಂದ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆಯ ಗೆರೆಗಳನ್ನು ಮುಂದಿನ ಸಂಶೋಧಕರು ಸಡಿಲಿಸಿದ್ದಾರೆ. ಮಗ್ಗಿಯಲ್ಲೇ ನಿಲ್ಲಿಸಿ, ಬೆತ್ತ ಹಿಡಿದು, ‘ಯಾಕೆ’ ಎಂದ ಮಗುವಿನ ಬಾಯಿ ಮುಚ್ಚಿಸುವುದನ್ನು ನಾನು ಒಪ್ಪುವುದಿಲ್ಲ.

ಮಾರನೆಯ ದಿನ ಮಳೆ ಹೊಳವಾದಾಗ ಅಣ್ಣನ ಮಗಳನ್ನು ತೋಟಕ್ಕೆ ಕರೆದೊಯ್ದೆ. ಕಾಲುವೆ ಕಡೆಯಿಂದ ನೋಡಿದರೆ ಸಾಲಿಗೆ ಹದಿನಾರರಂತೆ ಏಳು ಸಾಲು. ಬೇಲಿಯ ಕಡೆ ಹೋಗಿ ನಿಂತರೆ ಏಳು ಮರಗಳ ಹದಿನಾರು ಸಾಲು. ತುಸು ಹೊತ್ತು ತುಟಿ ಅಲ್ಲಾಡಿಸಿ ಕೂಗಿದಳು: ‘ಚಿಕ್ಕಪ್ಪಾ, ಮರ ಅವೇ ಅಲ್ವಾ, ಅದಕ್ಕೇ ಎರಡೂ ನೂರಹನ್ನೆರಡು!’ ಮರುಕ್ಷಣವೇ ಮೂಲೆಯ ಕಡೆ ಕೈ ತೋರಿಸಿದಳು. ‘ಗಾಳಿಗೆ ಬಿತ್ತಲ್ಲ, ಆ ಮರ? ಅದನ್ನ ಯಾವ ಸಾಲಿಂದ ಕಳೀಬೇಕು?’