ಸಿಗಾರು ಸೇದುವ ಮಾಲೀಕನನ್ನು ಕೈಬಿಡಿ

ತಿದ್ದಲೆಂದು ನನ್ನ ಹತ್ತಿರ ಬರುವ ಹಸ್ತಪ್ರತಿಗಳಲ್ಲಿ ಮುಂಬೈಯ ಬಟ್ಟೆ ಗಿರಣಿ ಮುಷ್ಕರದ ಕಥೆ ವರ್ಷಕ್ಕೆ ಒಂದೆರಡಾದರೂ ಇರುತ್ತದೆ. ಎಲ್ಲದರಲ್ಲೂ ಅದೇ ಮಾಲೀಕ. ದಪ್ಪ ಹೊಟ್ಟೆ, ಬೆರಳು ತುಂಬ ಉಂಗುರ, ಬಾಯಲ್ಲಿ ಸಿಗಾರು, ಮಾತಿಗೊಮ್ಮೆ ಅಟ್ಟಹಾಸ. ಅವನೆದುರು ಎಲುಬಿನ ಹಂದರವಾದ ಕಾರ್ಮಿಕ ಎರಡು ಪುಟ ಭಾಷಣ ಮಾಡುತ್ತಾನೆ. ಡೊಂಬಿವಲಿಯ ಈ ಮೇಜಿನ ಮೇಲೆ ಇಪ್ಪತ್ತು ವರ್ಷಗಳಿಂದ ಆ ಮಾಲೀಕನನ್ನು ಹೊಡೆದುಹಾಕಿ ಹಾಕಿ ನನಗೆ ಸಾಕಾಗಿದೆ.

ಸಾಹಿತ್ಯಕ್ಕೆ ರಾಜಕೀಯ ಬೇಕೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಗಿರಣಿಯಲ್ಲಿ ದುಡಿದ ಮರಾಠಿ ಕವಿ ನಾರಾಯಣ ಸುರ್ವೆ ಕವಿತೆ ಬರೆದ ಊರು ಈ ಮುಂಬೈ.

ನಾನು ಹೇಳಬೇಕಾದದ್ದು ಇಷ್ಟೇ. ಅನ್ಯಾಯ ನಡೆಯುವುದಕ್ಕೆ ಕೆಟ್ಟ ಮನುಷ್ಯನೇ ಬೇಕೆಂದಿಲ್ಲ, ಒಂದು ಕಾಯ್ದೆ, ಒಂದು ರಿಜಿಸ್ಟರು, ಒಂದು ಗೇಟು ಇದ್ದರೂ ನಡೆಯುತ್ತದೆ. ಅದು ಹೇಗೆ ನಡೆಯಿತು ಎಂಬುದನ್ನು ಲೇಖಕ ಮೊದಲು ತಾನು ತಿಳಿದುಕೊಳ್ಳಬೇಕು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಎಲ್ಲರೂ ಜಾರುವುದು ಇಲ್ಲಿಯೇ.

1982ರ ಜನವರಿ 18ರಂದು ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು. ಅವರು ನಂಬಿದ್ದು ಕಾರ್ಮಿಕ ನಾಯಕ ದತ್ತಾ ಸಾಮಂತರನ್ನು. ಆದರೆ 1946ರ ಬಾಂಬೆ ಕೈಗಾರಿಕಾ ಸಂಬಂಧ ಕಾಯ್ದೆಯ ಪ್ರಕಾರ ಒಂದು ಪ್ರದೇಶದ ಒಂದು ಉದ್ಯಮಕ್ಕೆ ಮಾನ್ಯತೆ ಒಂದೇ ಸಂಘಕ್ಕೆ. ಆ ಮಾನ್ಯತೆ ಇದ್ದದ್ದು ಬೇರೊಂದು ಸಂಘಕ್ಕೆ, ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಹಾಗಾಗಿ ಕಾರ್ಮಿಕರು ಯಾರನ್ನು ನಾಯಕ ಎಂದು ಒಪ್ಪಿದ್ದರೋ ಅವರಿಗೆ ಕಾರ್ಮಿಕರ ಪರವಾಗಿ ಒಪ್ಪಂದ ಮಾಡಿಕೊಳ್ಳುವ ಕಾನೂನಿನ ಹಕ್ಕೇ ಇರಲಿಲ್ಲ. ಪಗಾರ ಹೆಚ್ಚಿಸಿ ಎನ್ನುವುದರ ಜೊತೆಗೆ ಈ ಕಾಯ್ದೆ ತೆಗೆಯಿರಿ ಎಂದೂ ಅವರು ಕೇಳಿದ್ದು ಅದಕ್ಕೇ. ಇನ್ನು ಬದಲಿ ಕಾರ್ಮಿಕರದ್ದು ಬೇರೆಯೇ ಪಾಡು. ದಿನವೂ ಗೇಟಿಗೆ ಬಂದು ನಿಲ್ಲಬೇಕು, ಕಾಯಂ ನೌಕರ ಯಾರಾದರೂ ರಜೆ ಹಾಕಿದ್ದರೆ ಕೆಲಸ, ಇಲ್ಲವಾದರೆ ಮನೆ. ವರ್ಷಗಟ್ಟಲೆ ಹೀಗೇ.

ಮಾಲೀಕ ದೇವರಂಥ ಮನುಷ್ಯನೇ ಆಗಿದ್ದರೂ ಆ ಬದಲಿಯವನು ಅದೇ ಗೇಟಿನಲ್ಲಿ ನಿಂತಿರುತ್ತಿದ್ದ. ನೀವು ಮಾಲೀಕನನ್ನು ರಾಕ್ಷಸ ಮಾಡಿದ ಕೂಡಲೇ ಓದುಗನಿಗೆ ನಿರಾಳವಾಗುತ್ತದೆ, ಆ ಒಬ್ಬ ಪಾಪಿ ಹೋದರೆ ಎಲ್ಲ ಸರಿಹೋಗುತ್ತದೆ ಅನ್ನಿಸಿಬಿಡುತ್ತದೆ. ಮಾಲೀಕರೆಲ್ಲ ಒಳ್ಳೆಯವರಾಗಿದ್ದರು ಎಂದು ನಾನು ಹೇಳುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡಿ.

ಹೋದ ವರ್ಷ ಹಿರಿಯರೊಬ್ಬರು ಆತ್ಮಕಥೆ ತಂದಿದ್ದರು. ಕುಂದಾಪುರದ ಕಡೆಯವರು, ಹುಡುಗನಾಗಿದ್ದಾಗ ಲೋವರ್ ಪರೇಲಿನ ಗಿರಣಿಯೊಂದರ ಎದುರಿನ ಹೋಟೆಲಿನಲ್ಲಿ ಹಗಲು ಕೆಲಸ, ಸಂಜೆ ರಾತ್ರಿಶಾಲೆ. ಮುಷ್ಕರದ ಅಧ್ಯಾಯದಲ್ಲಿ ಸಿಗಾರಿನವನು ಹಾಜರು. "ಅಣ್ಣಾ, ಇವನನ್ನು ನೀವು ನೋಡಿದ್ದೀರಾ?" ಎಂದೆ. ಇಲ್ಲವಂತೆ. ಮತ್ತೆ ನೋಡಿದ್ದೇನು? ತುಂಬ ಹೊತ್ತು ಸುಮ್ಮನಿದ್ದು ಹೇಳಿದರು, "ಉದ್ರಿ ಪುಸ್ತಕ ಬರೀತಿದ್ದೆ ಅಕ್ಕಾ. ಅದರಲ್ಲೆಂತ ಉಂಟು, ಚಾದ ಲೆಕ್ಕ."

ಹೇಳಿ ಎಂದೆ. ಜನವರಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಚಾ, ಬನ್ನು, ಒಮ್ಮೊಮ್ಮೆ ಉಸಳ್. ಮಾರ್ಚಿಗೆ ಬನ್ನು ನಿಂತಿತು. ಮಳೆಗಾಲದ ಹೊತ್ತಿಗೆ ಕಟಿಂಗ್, ಅಂದರೆ ಅರ್ಧ ಚಾ ಮಾತ್ರ, ಅದೂ ಇಬ್ಬರ ನಡುವೆ ಒಂದು. ಆಮೇಲೆ ಹೆಸರುಗಳೇ ಕಡಿಮೆಯಾದವು, ಊರಿಗೆ ಹೋದವರು ತಿರುಗಿ ಬರಲಿಲ್ಲ. ಹೋಟೆಲಿನ ಯಜಮಾನರು ಯಾರ ಬಾಕಿಯನ್ನೂ ಕೇಳಲಿಲ್ಲ. ಮುಷ್ಕರ ಮುಗಿಯಿತೆಂದು ಅಧಿಕೃತವಾಗಿ ಯಾರೂ ಘೋಷಿಸಲೇ ಇಲ್ಲವಲ್ಲ, ಆ ಪುಸ್ತಕಕ್ಕೂ ಕೊನೆಯ ಗೆರೆ ಬೀಳಲಿಲ್ಲವಂತೆ.

ನನ್ನ ಕೈಯ ಪೆನ್ನು ಕೆಳಗಿಟ್ಟೆ. ಇದನ್ನೇ ಬರೆಯಿರಿ, ಇದ್ದದ್ದು ಇದ್ದ ಹಾಗೆ, ಎಂದೆ. ಮೂರು ವಾರದಲ್ಲಿ ಬರೆದು ತಂದರು. ನಾಲ್ಕೈದು ಕಾಗುಣಿತ ಬಿಟ್ಟರೆ ತಿದ್ದಲು ಏನೂ ಇರಲಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಆ ಪುಸ್ತಕದ ಕೊನೆಯ ಪುಟಗಳಲ್ಲಿ ನಮ್ಮ ಲೆಕ್ಕವೂ ಇತ್ತು ಎಂದರು. ನಮ್ಮದು ಅಂದರೆ? ಹೋಟೆಲಿನ ಹುಡುಗರದ್ದು. ಒಡೆದ ಗ್ಲಾಸು ಎರಡು, ಜ್ವರದ ರಜೆ ಮೂರು ದಿನ, ಒಂದು ಜೊತೆ ಚಪ್ಪಲಿ, ಎಲ್ಲ ಸಂಬಳದಲ್ಲಿ ಕಳೆದು ಉಳಿದದ್ದು ಊರಿಗೆ ಮನಿಯಾರ್ಡರ್. ರಾತ್ರಿ ಮಲಗುತ್ತಿದ್ದದ್ದು ಮೇಜುಗಳ ಮೇಲೆ. ಬರೆದವರು ಅದೇ ಯಜಮಾನರು, ಬಾಕಿ ಕೇಳದ ಪುಣ್ಯಾತ್ಮರು.

"ಅದನ್ನೂ ಬರೆಯಿರಿ ಅಣ್ಣಾ" ಎಂದೆ.

"ಅವರ ಮಕ್ಕಳು ನಮ್ಮ ಸಂಘದಲ್ಲೇ ಇದ್ದಾರೆ ಅಕ್ಕಾ. ಓದಿದರೆ ಎಂತ ಗ್ರಹಿಸ್ತಾರೋ." ಮೆಟ್ಟಿಲಿಳಿದು ಹೋದರು.

ಆ ಪುಟಗಳು ಇನ್ನೂ ಬಂದಿಲ್ಲ. ಪುಸ್ತಕವನ್ನು ಅಚ್ಚಿಗೆ ಕಳಿಸದೆ ಇಟ್ಟುಕೊಂಡಿದ್ದೇನೆ. ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ.