ಮೀನು ತಿಂದ ದಿನ ಮಜ್ಜಿಗೆ ಕುಡಿದರೆ ತೊನ್ನು ಬರುತ್ತದೆಯೇ?

ಗದಗಿನಿಂದ ಬಂದ ಪತ್ರ ಹೀಗಿದೆ: “ಮೇಡಮ್ಮರ, ನನಗ ಈಗ 23. ಮನ್ಯಾಗ ಎಲ್ಲಾರೂ ದಪ್ಪ ಆಗೀ ಅಂತಾರ. ಎರಡು ತಿಂಗಳಾತು, ಮಟನ್ ಚಿಕನ್ ಎಲ್ಲಾ ಬಿಟ್ಟೇನಿ, ಬರೇ ಮೀನ ತಿಂತೇನಿ. ಮೀನ ತಿಂದ ದಿನ ಹಾಲು, ಮೊಸರು, ಮಜ್ಜಿಗಿ ಮುಟ್ಟಬ್ಯಾಡ, ಮೈಮ್ಯಾಲೆ ತೊನ್ನ ಏಳತಾವ ಅಂತಾಳ ಅವ್ವ. ಖರೇನ್ರಿ? ಮೊದ್ಲ ದಪ್ಪ ಅದೇನಿ, ಅದರ ಮ್ಯಾಲೆ ಬಿಳಿ ಕಲಿನೂ ಬಂದ್ರ ನಾ ಏನ್ ಮಾಡ್ಲಿ?”

ಇಲ್ಲ ತಂಗಿ, ಬರುವುದಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳುತ್ತ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಧಾರವಾಡದಲ್ಲಿ ಪಾಠ ಮಾಡುವಾಗ ಹುಡುಗಿಯರು ಕೇಳಿದ್ದಾರೆ, ಹಾವೇರಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಕೇಳಿದ್ದಾರೆ, ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದ್ದಾರೆ. ಪ್ರತಿಸಲ ಬಿಡಿಸಿ ಹೇಳುತ್ತೇನೆ. ಪ್ರತಿಸಲ ಹೌದ್ರಿ ಹೌದ್ರಿ ಎಂದು ಗೋಣು ಹಾಕುತ್ತಾರೆ. ಊಟಕ್ಕೆ ಕೂತಾಗ ಮಜ್ಜಿಗೆಯ ಲೋಟವನ್ನು ಮೆಲ್ಲಗೆ ಆಚೆ ಸರಿಸುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ನಿನ್ನ ಪತ್ರದಲ್ಲಿ ತೊನ್ನಿಗಿಂತ ದೊಡ್ಡ ವಿಷಯ ಇನ್ನೊಂದಿದೆ, ಅದಕ್ಕೂ ಬರುತ್ತೇನೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೊಸೈಟ್ ಎನ್ನುತ್ತಾರೆ. ರೋಗಾಣುಗಳ ಮೇಲೆ ಬೀಳಬೇಕಾದ ನಮ್ಮದೇ ರೋಗನಿರೋಧಕ ವ್ಯವಸ್ಥೆ ಗುರುತು ತಪ್ಪಿ ಈ ಜೀವಕೋಶಗಳ ಮೇಲೆ ಬಿದ್ದಾಗ ಆ ಜಾಗದಲ್ಲಿ ಬಣ್ಣ ಹೋಗುತ್ತದೆ. ತೊನ್ನು ಎಂದರೆ ಇಷ್ಟೇ. ಕೆಲವು ಮನೆತನಗಳಲ್ಲಿ ಅದರ ಒಲವು ರಕ್ತದಲ್ಲೇ ಬಂದಿರುತ್ತದೆ. ತೊನ್ನು ಇದ್ದವರಲ್ಲಿ ಕೆಲವರಿಗೆ ಥೈರಾಯ್ಡ್ ತೊಂದರೆಯೂ ಕಾಣುವುದು ಇದೇ ಕಾರಣಕ್ಕೆ, ಅಲ್ಲಿಯೂ ದೇಹವೇ ದೇಹದ ಮೇಲೆ ತಿರುಗಿ ಬಿದ್ದಿರುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಇದರಲ್ಲಿ ಮೀನಿಗೆ ಎಲ್ಲಿಯೂ ಜಾಗವಿಲ್ಲ. ಮೀನಿನ ಪ್ರೋಟೀನೂ ಹಾಲಿನ ಪ್ರೋಟೀನೂ ಹೊಟ್ಟೆ, ಕರುಳಿನಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತವೆ. ರಕ್ತ ಸೇರುವ ಹೊತ್ತಿಗೆ ಇದು ಬಂಗಡೆಯದು, ಇದು ಎಮ್ಮೆಯದು ಎಂದು ಹೇಳುವ ಗುರುತು ಉಳಿದಿರುವುದಿಲ್ಲ.

ವಿಜ್ಞಾನ ಬ್ಯಾಡ್ರಿ, ಕಣ್ಣಿಗೆ ಕಾಣೂದು ಹೇಳ್ರಿ ಎನ್ನುವವರಿಗೆ ನಮ್ಮ ಊರುಗಳೇ ಸಾಕ್ಷಿ. ಧಾರವಾಡ, ಗದಗಗಳಲ್ಲಿ ಮೀನಿನ ವಾಸನೆಯೇ ಗೊತ್ತಿಲ್ಲದ ಮನೆಗಳು ಎಷ್ಟಿಲ್ಲ? ಏಳು ತಲೆಮಾರು ಮೊಟ್ಟೆ ಕೂಡ ಮುಟ್ಟದ ಆ ಮನೆಗಳಲ್ಲೂ ತೊನ್ನು ಇದ್ದವರಿದ್ದಾರೆ. ಅತ್ತ ಬಂಗಾಳದಲ್ಲಿ ಮೀನನ್ನು ಮೊಸರಿನಲ್ಲೇ ಬೇಯಿಸುತ್ತಾರೆ, ದೋಯಿ ಮಾಛ್ ಎಂದು ಮದುವೆಯ ಊಟಕ್ಕೆ ಬಡಿಸುತ್ತಾರೆ.

ಮೀನು ಮುಟ್ಟದ ಮನೆಗಳಲ್ಲೂ ತೊನ್ನು ಇದೆ ಎಂಬ ಮಾತನ್ನು ಒಂದು ಮದುವೆ ಮನೆಯಲ್ಲಿ ಹೇಳಿದೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ತಟ್ಟನೆ, “ಅವ್ರು ಕದ್ದು ತಿಂದಿರಬೇಕ್ ಬಿಡ್ರಿ” ಎಂದಳು. ಎದುರಿನ ಪಂಕ್ತಿಯಲ್ಲಿ ಕೂತವರೊಬ್ಬರ ಎರಡೂ ಮುಂಗೈ ಮೇಲೆ ಬಿಳಿ ಕಲೆಗಳಿದ್ದವು. ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಬಲಗೈಯಿಂದ ಉಣ್ಣಲೇಬೇಕಲ್ಲ, ಅದನ್ನು ಮುಚ್ಚಲಾಗಲಿಲ್ಲ. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಈ ಮೂಢನಂಬಿಕೆಯ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ. ತಪ್ಪು ಮಾಹಿತಿ ಎಂದು ಸುಮ್ಮನೆ ಬಿಡುವ ಹಾಗಿಲ್ಲ. ಕಾಯಿಲೆ ಬಂದವರ ತಲೆಗೇ ಇದು ತಪ್ಪನ್ನು ಕಟ್ಟುತ್ತದೆ.

ಇದು ಹುಟ್ಟಿದ್ದೆಲ್ಲಿ? ಚರಕ ಸಂಹಿತೆಯಲ್ಲಿ ಮೀನು ಮತ್ತು ಹಾಲನ್ನು ವಿರುದ್ಧಾಹಾರ ಎಂದಿದೆ. ಹಾಲು ಶೀತ, ಮೀನು ಉಷ್ಣ ಎಂಬುದು ಅಲ್ಲಿನ ಲೆಕ್ಕ. ಆ ಶಾಸ್ತ್ರವನ್ನು ನಂಬಿ ನಡೆಯುವವರು ಹಾಲು ಬಿಟ್ಟರೆ ನನ್ನ ತಕರಾರಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅದು ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಕೊನೆಗೆ ಐಸ್‌ಕ್ರೀಂವರೆಗೂ ಬೆಳೆದು ನಿಂತಿದೆ. ಓದಿದವರೂ ಮೀನನ್ನು ಸುಮ್ಮನೆ ಬಿಟ್ಟವರಲ್ಲ. ಜೊನಾಥನ್ ಹಚಿನ್ಸನ್ ಎಂಬ ಇಂಗ್ಲೆಂಡಿನ ದೊಡ್ಡ ವೈದ್ಯ ಕೆಟ್ಟ ಮೀನು ತಿಂದರೆ ಕುಷ್ಠ ಬರುತ್ತದೆ ಎಂದು 1906ರಲ್ಲಿ ಪುಸ್ತಕವನ್ನೇ ಬರೆದ. ಕುಷ್ಠದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಾಗಿತ್ತು, ಆದರೂ ಬರೆದ. ಹಾಗಿದ್ದಮೇಲೆ ನಿಮ್ಮ ಅವ್ವನನ್ನು ನಾನು ಬೈಯುವುದಿಲ್ಲ.

ಅವ್ವ ಕಣ್ಣಾರೆ ನೋಡಿದ್ದೇನೋ ಇದ್ದೀತು. ಮೀನು ಉಂಡು ಮಜ್ಜಿಗೆ ಕುಡಿದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ಮೈಯೆಲ್ಲ ತುರಿಸಿ, ತಲೆ ಸಿಡಿದು, ಎದೆ ಡವಡವ ಹೊಡೆದುಕೊಂಡದ್ದು. ಇದು ಖರೇನೇ ಆಗುತ್ತದೆ. ಬಂಗಡೆಯಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಕಾರವಾರ, ಅಂಕೋಲಾ ಕಡೆಯಿಂದ ಅರಬೈಲು ಘಾಟ್ ಹತ್ತಿ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ಪೆಟ್ಟಿಗೆಯ ಐಸ್ ಕರಗಿತು ಎನ್ನು, ಇಲ್ಲವೇ ಮಾರುವ ಜಾಗದಲ್ಲಿ ಬಿಸಿಲಿಗೆ ಕೂತಿತು ಎನ್ನು, ಬ್ಯಾಕ್ಟೀರಿಯಾಗಳು ಆ ಹಿಸ್ಟಿಡಿನನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಒಮ್ಮೆ ಹಿಸ್ಟಮಿನ್ ಆದರೆ ಕುದಿಸಿದರೂ ಹೋಗದು, ಎಣ್ಣೆಯಲ್ಲಿ ಕರಿದರೂ ಹೋಗದು. ಉಂಡವರ ಮೈ ಕೆಂಪಾಗುವುದು ಅದರಿಂದ. ತಪ್ಪು ಕರಗಿದ ಐಸಿನದು, ಅಪವಾದ ಮಾತ್ರ ಕೊನೆಗೆ ಕುಡಿದ ಮಜ್ಜಿಗೆಯ ಮೇಲೆ. ಬಹಳ ಮಂದಿಗೆ ಕೆಲವು ತಾಸುಗಳಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ನಾಲಿಗೆ ತುಟಿ ಊದಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಬೇಕು. ಮೀನಿನ ಅಲರ್ಜಿ ಬೇರೆ, ಅದು ಇದ್ದವರು ತಾಜಾ ಮೀನನ್ನೂ ತಿನ್ನುವಂತಿಲ್ಲ.

ಇನ್ನು ಬೆನ್ನು, ಕುತ್ತಿಗೆ ಮೇಲೆ ಮಾಸಲು ಬಿಳುಪಿನ ಚುಕ್ಕೆ ಕಂಡರೆ ಅದು ಬಹುಶಃ ಚಿಬ್ಬು. ಚರ್ಮದ ಮೇಲಿನ ಒಂದು ಬಗೆಯ ಬೂಸ್ಟಿನಿಂದ ಬರುವಂಥದ್ದು, ಮುಲಾಮಿಗೆ ಹೋಗುತ್ತದೆ. ಸ್ಪರ್ಶ ಗೊತ್ತಾಗದ ಮಚ್ಚೆಯಾದರೆ ತಡಮಾಡದೆ ತೋರಿಸಬೇಕು. ತೊನ್ನೇ ಆಗಿದ್ದರೂ ಮುಲಾಮಿದೆ, ಬೆಳಕಿನ ಚಿಕಿತ್ಸೆ ಇದೆ, ಚರ್ಮದ ಡಾಕ್ಟರ್ ಹತ್ತಿರ ಹೋಗಬೇಕು. ಮಜ್ಜಿಗೆ ಬಿಟ್ಟು ಕೂತರೆ ಏನೂ ಆಗುವುದಿಲ್ಲ.

ಈಗ ನಿನ್ನ ತಟ್ಟೆಗೆ ಬರುತ್ತೇನೆ. ನೀನು ಪತ್ರದ ಕೊನೆಯಲ್ಲಿ ಒಂದು ದಿನದ ಊಟ ಬರೆದಿದ್ದೀ. ಅದನ್ನು ಇಲ್ಲಿ ಹಾಕುವುದಿಲ್ಲ, ಓದಿದ ಇನ್ನೊಬ್ಬ ಹುಡುಗಿ ಅದನ್ನೇ ಹಿಡಿದಾಳು. ನನಗೆ ಕಂಡದ್ದು ಇಷ್ಟು: ದಪ್ಪ ಆಗುತ್ತೇನೆ ಎಂದು ಮಟನ್ ಹೋಯಿತು, ಚಿಕನ್ ಹೋಯಿತು, ರೊಟ್ಟಿ ಹೋಯಿತು. ಮೀನಿನ ದಿನ ತೊನ್ನಿನ ಹೆದರಿಕೆಗೆ ಹಾಲು ಮೊಸರು ಹೋಯಿತು. ಸೋಮವಾರ, ಶನಿವಾರ ದೇವರ ವಾರ ಎಂದು ಮೀನೂ ಹೋಯಿತು. ಒಂದೊಂದಕ್ಕೂ ಒಂದೊಂದು ಕಾರಣ ಇದೆ, ಮನೆಯಲ್ಲಿ ಯಾರೂ ಪ್ರಶ್ನೆ ಮಾಡದಂಥ ಕಾರಣ. ಎಲ್ಲ ಸೇರಿದರೆ ಹೊಟ್ಟೆಗೆ ಏನೂ ಇಲ್ಲ. ಅವ್ವ ಮಜ್ಜಿಗೆ ಬೇಡ ಎಂದಾಗ ನಿನಗೆ ಒಳಗೊಳಗೇ ಸಮಾಧಾನ ಆಗಿತ್ತೇ? ಉತ್ತರ ನನಗೆ ಬರೆಯಬೇಕಿಲ್ಲ, ನಿನಗೆ ನೀನೇ ಹೇಳಿಕೊ. ಮೊಸರು ಬಿಡಲು ತೊನ್ನಿನ ನೆಪ ಸಿಕ್ಕಿತು ಎಂದಾದರೆ ನಾವು ಮಾತಾಡಬೇಕಾದ್ದು ಮೀನಿನ ವಿಷಯ ಅಲ್ಲ.

ಮಾಂಸ ಬಿಟ್ಟು ಮೀನು ಉಳಿಸಿಕೊಳ್ಳುವುದು ಒಳ್ಳೆಯ ಊಟದ ಕ್ರಮವೇ, ಪೆಸ್ಕಟೇರಿಯನ್ ಎಂದು ಈಗ ಅದಕ್ಕೆ ಹೆಸರೂ ಇದೆ. 100 ಗ್ರಾಂ ಮೀನಿನಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್ ಸಿಗುತ್ತದೆ, ಬಿ12 ಸಿಗುತ್ತದೆ. ಬಂಗಡೆ, ತಾರ್ಲಿಯ ಎಣ್ಣೆಯಂಶದಲ್ಲಿರುವ ಒಮೆಗಾ-3 ಹೃದಯಕ್ಕೆ ಹಿತ. ನಮ್ಮ ಅಗಸಿ ಚಟ್ನಿಯಲ್ಲೂ ಒಂದು ಬಗೆಯ ಒಮೆಗಾ-3 ಇದೆ, ಆದರೆ ಮೀನಿನಲ್ಲಿರುವ ರೂಪಕ್ಕೆ ದೇಹ ಅದನ್ನು ಬದಲಿಸಿಕೊಳ್ಳುವುದು ಬಹಳ ಕಡಿಮೆ. ಆದರೆ ಕೊಬ್ಬು ಕರಗಿಸುವ ಶಕ್ತಿ ಯಾವ ಮೀನಿಗೂ ಇಲ್ಲ. ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದ ಬಂಗಡೆಗೂ ಕೋಳಿ ಸಾರಿಗೂ ಆ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೀನು ರುಚಿ ಎನಿಸಿದರೆ ತಿನ್ನು, ಮಟನ್ ಒಲ್ಲದಿದ್ದರೆ ಬಿಡು. ಮೈಗೆ ಶಿಕ್ಷೆ ಕೊಡಬೇಕು ಎಂದು ಮಾತ್ರ ಯಾವುದನ್ನೂ ಬಿಡಬೇಡ.

ಮೊಸರಂತೂ ಇವತ್ತೇ ವಾಪಸ್ ಬರಲಿ. ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಇರುತ್ತದೆ. ಮೂವತ್ತರೊಳಗೆ ಎಲುಬಿನಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಮೇಲೆಯೇ ಮುಂದಿನ ಬದುಕೆಲ್ಲ ನಡೆಯಬೇಕು, ನಿನಗೆ 23. ರೊಟ್ಟಿಯೂ ಬರಲಿ. ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿದ ನಾಡು ನಮ್ಮದು, ಅದನ್ನು ವೈರಿ ಮಾಡಿಕೊಳ್ಳುವ ಕಾಲ ಎಲ್ಲಿಂದ ಬಂತೋ. ಮಟನ್ ಬಿಟ್ಟದ್ದರಿಂದ ಕಬ್ಬಿಣಾಂಶ ಕಡಿಮೆಯಾಗಬಹುದು. ಕಾಳು, ಸೊಪ್ಪಿನ ಪಲ್ಯ ಮಾಡಿಕೊ, ಮೇಲೆ ಲಿಂಬಿಹುಳಿ ಹಿಂಡಿಕೊ, ಚಹಾ ಊಟದ ಜೊತೆ ಬೇಡ.

ಮುಟ್ಟು ಮೂರು ತಿಂಗಳು ನಿಂತಿದ್ದರೆ, ಎದ್ದರೆ ಕಣ್ಣು ಕತ್ತಲೆ ಬಂದರೆ, ಉಂಡದ್ದನ್ನು ಬೇಕಂತಲೇ ವಾಂತಿ ಮಾಡುತ್ತಿದ್ದರೆ, ನಾಲ್ಕು ಮಂದಿಯ ಮುಂದೆ ಕೂತು ಉಣ್ಣಲು ಹೆದರಿಕೆ ಆಗುತ್ತಿದ್ದರೆ ಡಾಕ್ಟರ್ ಬೇಕು, ನನ್ನಂಥ ಊಟದ ಮೇಷ್ಟರು ಸಾಲದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಷ್ಟು ದೂರ ಬರಲಾಗದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಒಂದು ಮಾತು: ಹುಡುಗಿಯ ಮೈ ನೋಡಿ ಬಾಯಿಗೆ ಬಂದದ್ದು ಹೇಳುವುದನ್ನು ಇವತ್ತಿಗೇ ನಿಲ್ಲಿಸಿ. ಕನ್ಯೆ ನೋಡಲು ಬಂದವರು ಏನಂದಾರು ಎಂಬ ಚಿಂತೆಗೆ ಮಗಳ ಎಲುಬು ಸವೆಸಬೇಡಿ.

ನೀನು ಕೇಳಿಲ್ಲ, ಆದರೂ ಹಿಸ್ಟಮಿನ್ ಮಾತು ಬಂದಿತಲ್ಲ, ಮೀನು ನೋಡಿ ತರುವುದು ಹೇಗೆ ಎಂದು ಹೇಳಿಬಿಡುತ್ತೇನೆ. ನನಗೆ ಇದನ್ನು ಕಲಿಸಿದ್ದು ಹುಬ್ಬಳ್ಳಿಯಲ್ಲಿ ಮೀನು ಮಾರುವ ಒಬ್ಬ ಅಜ್ಜಿ. ಬಂಗಡೆಯ ತಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕಿವಿರು ಎತ್ತಿ ತೋರಿಸುತ್ತಿದ್ದಳು. ಒಳಗೆ ದಾಸವಾಳದ ಕೆಂಪು ಇರಬೇಕು, ಕಂದು ಬಂದಿದ್ದರೆ ಬೇಡ. ಕಣ್ಣು ಉಬ್ಬಿ ಹೊಳೆಯಬೇಕು, ಒಳಗೆ ಕುಸಿದಿರಬಾರದು. ಬೆರಳಿನಿಂದ ಒತ್ತಿದ ಕುಳಿ ತಾನೇ ಮೇಲೇಳಬೇಕು. “ಐಸ್ ಮ್ಯಾಲಿಂದ ತಗೊ ಅವ್ವಾ, ಹಲಗಿ ಮ್ಯಾಲಿಂದ ಬ್ಯಾಡ” ಎನ್ನುತ್ತಿದ್ದಳು. ಅವಳಿಗೆ ಹಿಸ್ಟಮಿನ್ ಹೆಸರು ಗೊತ್ತಿರಲಿಲ್ಲ, ನನ್ನ ಪಾಠದ ಪುಸ್ತಕದಲ್ಲಿ ಇರುವುದೂ ಅದೇ ಮಾತು. ತಂದಮೇಲೆ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ಫೋನಿನಲ್ಲಿ ಮಾತಾಡುತ್ತ ನಿಲ್ಲಬೇಡ, ತೊಳೆದು ಕೂಡಲೇ ಮಾಡು ಇಲ್ಲವೇ ಫ್ರಿಜ್ಜಿಗೆ ಇಡು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನ ಸಮುದ್ರದ ಮೀನಿಗೆ ಹಟ ಹಿಡಿಯದೆ ತುಂಗಭದ್ರೆ, ಮಲಪ್ರಭೆ ಕಡೆಯ ಕಟ್ಲಾ, ರೋಹು ತಗೊ. ಆಗಸ್ಟಿನಲ್ಲಿ ದೋಣಿಗಳು ನೀರಿಗೆ ಇಳಿಯುವ ಹೊತ್ತಿಗೆ ನಮ್ಮಲ್ಲಿ ಶ್ರಾವಣ. ನಿಮ್ಮ ಮನೆಯಲ್ಲಿ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ ಎಂದಾದರೆ ಆ ತಿಂಗಳು ಮಡಿಕೆಕಾಳು, ಹೆಸರುಕಾಳು, ಶೇಂಗಾ ಹಿಂಡಿ ತಪ್ಪಬಾರದು, ಮೊಸರು ಎರಡೂ ಹೊತ್ತು.